ಓಡುವವರ ದಾರಿಯಲ್ಲಿ ನಿಂತ ಡೊಳ್ಳು

ನಮ್ಮ ಕಡೆ ಈಗ ನಾಲ್ಕು ಜನ ಸೇರಿ ರಸ್ತೆಯಲ್ಲಿ ಓಡಿದರೆ ಅದಕ್ಕೆ ಮ್ಯಾರಥಾನ್ ಎಂದು ಹೆಸರು. ಮತದಾನದ ಜಾಗೃತಿಗೆ ಮ್ಯಾರಥಾನ್, ಮಾದಕ ವಸ್ತುಗಳ ವಿರುದ್ಧ ಮ್ಯಾರಥಾನ್, ಸಂಘದ ಬೆಳ್ಳಿಹಬ್ಬಕ್ಕೂ ಮ್ಯಾರಥಾನ್. ಬಸ್‌ಸ್ಟ್ಯಾಂಡಿನಿಂದ ಹೊರಟು ಕಾಲೇಜು ಮೈದಾನ ಮುಟ್ಟುವ ಹೊತ್ತಿಗೆ ಮುಗಿದೂ ಹೋಗಿರುತ್ತದೆ. ನಿಜವಾದ ಮ್ಯಾರಥಾನ್ 42 ಕಿಲೋಮೀಟರ್ 195 ಮೀಟರ್. 1908ರ ಲಂಡನ್ ಒಲಿಂಪಿಕ್ಸಿನಲ್ಲಿ ಓಡಿದ ಆ ದೂರವೇ 1921ರಲ್ಲಿ ಎಲ್ಲ ಕಡೆಗೂ ನಿಯಮವಾಯಿತು. ಚಿಕ್ಕಮಗಳೂರಿನಿಂದ ಓಡುತ್ತ ನಮ್ಮ ಆಲ್ದೂರಿಗೆ ಬಂದು, ಒಂದು ಲೋಟ ಕಾಫಿ ಕುಡಿದು, ಮತ್ತೆ ಓಡುತ್ತಲೇ ಹಿಂತಿರುಗಿದರೂ ಅಷ್ಟಾಗುವುದಿಲ್ಲ. ಇರಲಿ, ಇದು ಕಾಪಿ ತಿದ್ದಿ ತಿದ್ದಿ ಅಂಟಿಕೊಂಡ ಮೇಷ್ಟರ ಚಟ. ಹೆಸರಿನ ಬಗ್ಗೆ ನನ್ನ ತಕರಾರಿಲ್ಲ. ನಾನು ಹೇಳಹೊರಟಿರುವುದು ಆ ಓಟದ ದಾರಿಯುದ್ದಕ್ಕೂ ನಿಲ್ಲಿಸುವ ವಾದ್ಯ, ಕುಣಿತ, ಹಾಡುಗಳ ಬಗ್ಗೆ.

ಯಾವುದೇ ದೊಡ್ಡ ಓಟಕ್ಕೆ ಈಗ ನೀರಿನ ಬಾಟಲಿ, ಆಂಬುಲೆನ್ಸ್‌ಗಳಷ್ಟೇ ಇದೂ ಅಗತ್ಯದ ಸಾಮಾನು. ಅಮೆರಿಕದ ಸ್ಯಾನ್ ಡಿಯಾಗೋದಲ್ಲಿ 1998ರಲ್ಲಿ ಒಂದು ಮ್ಯಾರಥಾನ್ ಶುರುವಾಯಿತು. ಹೆಚ್ಚುಕಡಿಮೆ ಮೈಲಿಗೊಂದರಂತೆ ವಾದ್ಯತಂಡ ನಿಲ್ಲಿಸುವುದೇ ಅದರ ವಿಶೇಷ. ಹೆಸರಿನಲ್ಲೇ ರಾಕ್ ಅಂಡ್ ರೋಲ್ ಇತ್ತು. ಆಮೇಲೆ ಈ ಪದ್ಧತಿ ಊರೂರಿಗೆ ಹಬ್ಬಿತು. ಅದಕ್ಕೂ ಹಿಂದಿನ ಒಂದು ಉದಾಹರಣೆ ನನಗೆ ಇನ್ನೂ ಇಷ್ಟ. ನ್ಯೂಯಾರ್ಕ್ ಮ್ಯಾರಥಾನ್ ಬ್ರೂಕ್ಲಿನ್ ಭಾಗದಲ್ಲಿ ಹಾದುಹೋಗುವಾಗ ಅಲ್ಲಿನ ಬಿಷಪ್ ಲಾಫ್ಲಿನ್ ಎಂಬ ಹೈಸ್ಕೂಲಿನ ಮಕ್ಕಳು ದಶಕಗಳಿಂದ ಬ್ಯಾಂಡ್ ಬಾರಿಸುತ್ತ ಬಂದಿದ್ದಾರೆ. ಬಾರಿಸುವುದು ಒಂದೇ ಒಂದು ಮಟ್ಟು. 1976ರ ‘ರಾಕಿ’ ಸಿನಿಮಾದ್ದು. ಮೊದಲನೆಯ ಓಟಗಾರ ಬಂದಾಗಲೂ ಅದೇ, ಗಂಟೆಗಳ ನಂತರ ಏದುಸಿರು ಬಿಡುತ್ತ ಬಂದವರಿಗೂ ಅದೇ. ಕೇಳಿದವರಿಗೆ ಹುಚ್ಚು ಅನ್ನಿಸಬಹುದು. ಆದರೆ ಈ ಕಲೆಯ ಗುಟ್ಟು ಅಲ್ಲೇ ಇದೆ ಎಂದು ನನಗನ್ನಿಸುತ್ತದೆ. ಆ ಮಾತಿಗೆ ಮುಂದೆ ಬರುತ್ತೇನೆ.

ನಮ್ಮ ದೇಶದಲ್ಲಿ ಮುಂಬಯಿ ಮ್ಯಾರಥಾನ್ 2004ರಲ್ಲಿ ಶುರುವಾಯಿತು. ಬೆಂಗಳೂರಿನ ವಿಶ್ವ 10 ಕಿಲೋಮೀಟರ್ ಓಟ 2008ರಲ್ಲಿ. ಇದು ಮ್ಯಾರಥಾನಿನ ಕಾಲು ಭಾಗವೂ ಅಲ್ಲ ನಿಜ. ಆದರೂ ನಮ್ಮ ರಾಜ್ಯದಲ್ಲಿ ರಸ್ತೆ ಓಟವನ್ನು ಜಾತ್ರೆಯ ಮಟ್ಟಕ್ಕೆ ತಂದದ್ದು ಇದೇ. ಪೂರ್ತಿ ಓಡಲಾಗದವರಿಗೆ, ವೇಷ ಹಾಕಿಕೊಂಡು ಬರುವವರಿಗೆ ಅದರಲ್ಲೇ ‘ಮಜಾ ರನ್’ ಎಂಬ ಬೇರೆ ಓಟವುಂಟು. ಹೆಸರಿಟ್ಟವರು ಚೆನ್ನಾಗಿ ಇಟ್ಟಿದ್ದಾರೆ.

2024ರ ಏಪ್ರಿಲ್ 28ರ ಭಾನುವಾರ ನಾನು ಹಲಸೂರು ಕೆರೆಯ ಕಡೆ ರಸ್ತೆ ಬದಿಯಲ್ಲಿ ನಿಂತಿದ್ದೆ. ಬೆಂಗಳೂರಿನಲ್ಲಿ ಕೆಲಸಕ್ಕಿರುವ ಮಗಳು ಆ ವರ್ಷ ಹೆಸರು ಕೊಟ್ಟಿದ್ದಳು. ಎರಡು ದಿನ ಮೊದಲು, 26ರಂದು, ಲೋಕಸಭಾ ಚುನಾವಣೆ. ಮತಯಂತ್ರ ಒಪ್ಪಿಸಿ ಮನೆಗೆ ಬಂದು ಮಲಗಿದಾಗ ಎಷ್ಟು ಗಂಟೆಯೋ, ಮಾರನೆಯ ದಿನವೇ ಬಸ್ಸು ಹತ್ತಿದ್ದೆ. ನೀರಿನ ಲೋಟಕ್ಕೆ ಕೈ ಚಾಚಿದವರ ಬೆರಳ ಮೇಲೆಲ್ಲ ಇನ್ನೂ ಶಾಯಿ ಇತ್ತು. ಒಂದು ಕಡೆ ದೊಡ್ಡ ಧ್ವನಿಪೆಟ್ಟಿಗೆಗಳಲ್ಲಿ ಸಿನಿಮಾ ಹಾಡು. ಸ್ವಲ್ಪ ಮುಂದೆ ಒಂದು ಡೊಳ್ಳಿನ ತಂಡ, ಅರ್ಧ ಚಂದ್ರಾಕಾರವಾಗಿ ನಿಂತಿತ್ತು. ನಾನು ಎರಡರ ನಡುವೆ ಒಂದು ಗಂಟೆಗೂ ಹೆಚ್ಚು ಹೊತ್ತು ಅತ್ತಿಂದಿತ್ತ ಓಡಾಡಿದೆ. ಓಡುವವರನ್ನು ನೋಡುವುದಕ್ಕಿಂತ ಅವರ ಕಾಲುಗಳನ್ನೇ ನೋಡಿದೆ.

ಸಿನಿಮಾ ಹಾಡಿನ ಕಡೆ ಬಂದವರು ಕೈ ಎತ್ತಿ ಬೀಸಿದರು, ಕೆಲವರು ಮೊಬೈಲಿಗೆ ಮುಖ ಕೊಟ್ಟರು, ಇಬ್ಬರು ಹುಡುಗರು ನಿಂತು ಕುಣಿದೇ ಹೋದರು. ಆದರೆ ಕಾಲಿನ ಗತಿ ಬದಲಾದದ್ದು ಡೊಳ್ಳಿನ ಮುಂದೆ. ಐವತ್ತು ಮಾರು ದೂರದಲ್ಲಿ ಕಾಲೆಳೆದುಕೊಂಡು ಬರುತ್ತಿದ್ದವರು ಹತ್ತಿರವಾದಂತೆ ತಮಗೆ ಗೊತ್ತಿಲ್ಲದೆಯೇ ಏಟಿಗೆ ಸರಿಯಾಗಿ ಹೆಜ್ಜೆ ಇಡತೊಡಗುತ್ತಿದ್ದರು. ಯಾರೂ ಕೈ ಬೀಸಲಿಲ್ಲ, ಚಪ್ಪಾಳೆ ತಟ್ಟಲಿಲ್ಲ. ಮಧ್ಯಾಹ್ನ ಊಟಕ್ಕೆ ಕೂತಾಗ ಮಗಳನ್ನು ಕೇಳಿದೆ, ದಾರಿಯಲ್ಲಿ ಏನೇನು ಕೇಳಿದೆಯೇ ಎಂದು. “ಹಾಡು ಯಾವುದಂತ ನೆನಪಿಲ್ಲಮ್ಮ. ಡೊಳ್ಳು ಮಾತ್ರ ಹೊಟ್ಟೆಯೊಳಗೆ ಹೊಡೆದ ಹಾಗಿತ್ತು,” ಎಂದಳು. ಅವಳ ಜೊತೆಯ ಹುಡುಗಿಯೊಬ್ಬಳು “ಅದು ಚೆಂಡೆ ಅಲ್ವಾ ಆಂಟಿ?” ಎಂದಳು. ಆ ಪಾಠ ಅಲ್ಲಿಗೇ ಬಿಟ್ಟೆ.

ಒಂದು ಸಣ್ಣ ಲೆಕ್ಕ ಮಾಡೋಣ. ಡೊಳ್ಳಿನ ಸದ್ದು ಹಿಂದೆ ನೂರು ಮೀಟರು, ಮುಂದೆ ನೂರು ಮೀಟರು ಚೆನ್ನಾಗಿ ಕೇಳಿಸುತ್ತದೆ ಎಂದಿಟ್ಟುಕೊಳ್ಳಿ. 10 ಕಿಲೋಮೀಟರನ್ನು 28 ನಿಮಿಷದಲ್ಲಿ ಓಡಿ ಮುಗಿಸುವ ಕೀನ್ಯಾ, ಉಗಾಂಡಾ ದೇಶದವರು ಆ 200 ಮೀಟರನ್ನು ಸುಮಾರು 34 ಸೆಕೆಂಡಿನಲ್ಲಿ ದಾಟುತ್ತಾರೆ. ಒಂದೂವರೆ ಗಂಟೆ ತೆಗೆದುಕೊಳ್ಳುವ ನನ್ನ ಮಗಳಂಥವರಿಗೆ 108 ಸೆಕೆಂಡು. ಎಂದರೆ ಇಲ್ಲಿಯ ಕೇಳುಗನಿಗೆ ಹಾಡಿನ ಆರಂಭವೂ ಸಿಗುವುದಿಲ್ಲ, ಅಂತ್ಯವೂ ಸಿಗುವುದಿಲ್ಲ. ಸಿಗುವುದು ಮಧ್ಯದ ಒಂದು ತುಂಡು, ಯಾವ ತುಂಡು ಎಂದು ಯಾರೂ ಹೇಳಲಾರರು. ಪಲ್ಲವಿ, ಅನುಪಲ್ಲವಿ, ಚರಣ ಎಂದು ಕಟ್ಟಿದ ಹಾಡು ಇಲ್ಲಿ ಕೈಕಾಲು ಮುರಿದುಕೊಳ್ಳುತ್ತದೆ. ಸುತ್ತಿ ಸುತ್ತಿ ಮೊದಲಿಗೇ ಬರುವ ತಾಳ ಮಾತ್ರ ಉಳಿಯುತ್ತದೆ. ಅದರ ಯಾವ ತುಂಡು ಕತ್ತರಿಸಿಕೊಂಡರೂ ಇಡಿಯದೇ ರುಚಿ. ಬ್ರೂಕ್ಲಿನ್ನಿನ ಶಾಲೆಯ ಮಕ್ಕಳು ಒಂದೇ ಮಟ್ಟನ್ನು ಗಂಟೆಗಟ್ಟಲೆ ಬಾರಿಸುವುದು ಈ ಕಾರಣಕ್ಕೇ ಸರಿ. ಅವರಿಗೆ ಅದು ಸಾವಿರ ಸಲ, ಓಡುವವನಿಗೆ ಒಂದೇ ಸಲ.

1998ರ ಫೆಬ್ರವರಿಯಲ್ಲಿ ಇಥಿಯೋಪಿಯಾದ ಹೈಲೆ ಗೆಬ್ರ್‌ಸೆಲಾಸಿ ಬರ್ಮಿಂಗ್‌ಹ್ಯಾಮಿನ ಒಳಾಂಗಣದಲ್ಲಿ 2000 ಮೀಟರು ಓಡಿ ದಾಖಲೆ ಮಾಡಿದಾಗ ತನಗೆ ಬೇಕಾದ ಪಾಪ್ ಹಾಡನ್ನು ಹಾಕಿಸಿಕೊಂಡು, ಅದರ ಲಯಕ್ಕೆ ಓಡಿದ್ದು ಪ್ರಸಿದ್ಧ. ಆದರೆ ಅಲ್ಲಿ ಓಡುವವನು ಹಾಡಿನ ಸುತ್ತಲೇ ಸುತ್ತುತ್ತಿದ್ದ. ರಸ್ತೆಯಲ್ಲಿ ಓಡುವವನು ಹಾಡನ್ನು ಬಿಟ್ಟು ಹೋಗುತ್ತಾನೆ. ಕಿವಿಗೆ ಸಿಕ್ಕಿಸಿಕೊಂಡು ಹೋಗೋಣವೆಂದರೆ ಸ್ಪರ್ಧಿಗಳಿಗೆ ಅಂತರರಾಷ್ಟ್ರೀಯ ನಿಯಮ ಅಡ್ಡ ಬರುತ್ತದೆ. ಆದ್ದರಿಂದ ರಸ್ತೆ ಬದಿಯ ವಾದ್ಯಕ್ಕೆ ತನ್ನದೇ ಒಂದು ಸ್ಥಾನವಿದೆ, ಅದನ್ನು ಅಲಂಕಾರ ಎಂದು ತಳ್ಳಿಹಾಕುವುದು ಸರಿಯಲ್ಲ.

ಇಷ್ಟು ಹೊಗಳಿದ ಮೇಲೆ ನನ್ನ ಅಸಮಾಧಾನ ಹೇಳಬೇಕು. ನಮ್ಮ ಕುಣಿತಗಳೆಲ್ಲ ಹೆಚ್ಚುಪಾಲು ನಡೆಯುವ ಕಲೆಗಳು. ದೇವರ ಮುಂದೆ, ಉತ್ಸವದ ಮುಂದೆ, ದಾರಿಯುದ್ದಕ್ಕೂ ಸಾಗುವಂಥವು. ಮೈಸೂರು ದಸರೆಯ ಮೆರವಣಿಗೆಯಲ್ಲಿ ಅರಮನೆಯಿಂದ ಬನ್ನಿಮಂಟಪದವರೆಗೆ ಕಲಾವಿದರು ನಡೆಯುತ್ತಾರೆ, ನಾವು ಕಟ್ಟೆಯ ಮೇಲೆ ಕೂತು ಕಡಲೆಕಾಯಿ ತಿನ್ನುತ್ತ ನೋಡುತ್ತೇವೆ. ನನ್ನ ತವರು ಕೊಪ್ಪದ ಕಡೆ. ಅಲ್ಲಿ ದೀಪಾವಳಿಗೆ ಅಂಟಿಗೆ ಪಂಟಿಗೆಯವರು ಬರುತ್ತಿದ್ದರು. ಊರ ದೇವರಲ್ಲಿ ಹಚ್ಚಿಕೊಂಡ ದೀಪ ಆರದ ಹಾಗೆ ಹಿಡಿದು, ಗದ್ದೆ ಬದು, ತೋಟದ ದಾರಿ ದಾಟಿ, ರಾತ್ರಿಯಿಡೀ ಮನೆಯಿಂದ ಮನೆಗೆ ನಡೆದು ಹಾಡುವವರು. ಬಾಗಿಲು ತೆಗೆಸುವುದಕ್ಕೇ ಒಂದು ಪದ, ದೀಪಕ್ಕೆ ಎಣ್ಣೆ ಎರೆಸಿಕೊಳ್ಳುವುದಕ್ಕೇ ಒಂದು ಪದ. ದೂರದಲ್ಲಿ ಸಣ್ಣಗೆ ಕೇಳಿಸಿ, ಅಂಗಳಕ್ಕೆ ಬಂದು ತುಂಬಿಕೊಂಡು, ಮತ್ತೆ ಸಣ್ಣಗಾಗುತ್ತ ಕಾಡಿನಾಚೆ ಹೋಗುವ ಆ ದನಿಯನ್ನು ನಾವು ಮಕ್ಕಳು ಹಾಸಿಗೆಯಲ್ಲಿ ಎದ್ದು ಕೂತು ಕೇಳುತ್ತಿದ್ದೆವು. ಹಾಡು ನಡೆಯುತ್ತಿತ್ತು, ಕೇಳುವವರು ನಿಂತಿರುತ್ತಿದ್ದರು. ಮ್ಯಾರಥಾನ್ ಇದನ್ನು ತಲೆಕೆಳಗು ಮಾಡಿದೆ. ಕೇಳುವವರು ಓಡುತ್ತಾರೆ, ಹಾಡಿಗೆ ನಿಲ್ಲಬೇಕೆಂಬ ಶಿಕ್ಷೆ.

ಇದರಲ್ಲಿ ಎಲ್ಲ ಕಲೆಗಳಿಗೂ ಒಂದೇ ರೀತಿಯ ನಷ್ಟವಲ್ಲ. ಡೊಳ್ಳು ತಡೆದುಕೊಳ್ಳುತ್ತದೆ, ತಮಟೆ ತಡೆದುಕೊಳ್ಳುತ್ತದೆ. ವೀರಗಾಸೆಗೆ ಆಗುವ ಹಾನಿ ದೊಡ್ಡದು. ವೀರಗಾಸೆಯ ಜೀವ ಇರುವುದು ಒಡಪಿನಲ್ಲಿ. ಕುಣಿತ ನಿಲ್ಲಿಸಿ, ಕತ್ತಿ ಹಿಡಿದು, ದಕ್ಷಯಜ್ಞದ ಕಥೆಯನ್ನು ಏರುದನಿಯಲ್ಲಿ ಹೇಳಿ, ಕೊನೆಯ ಮಾತಿಗೆ ವಾದ್ಯ ಮತ್ತೆ ಎದ್ದಾಗ ಮೈ ಜುಮ್ಮೆನ್ನಬೇಕು. ಓಡುವವನಿಗೆ ಒಡಪು ಕೇಳಿಸಿಕೊಳ್ಳಲು ಎಲ್ಲಿ ಪುರುಸೊತ್ತು? ಅದಕ್ಕೆ ರಸ್ತೆ ಬದಿಯ ವೀರಗಾಸೆಯವರು ಒಡಪು ಬಿಟ್ಟೇಬಿಟ್ಟಿದ್ದಾರೆ. ಕೆಂಪು ಬಟ್ಟೆ, ಎದೆಯ ಮೇಲಿನ ವೀರಭದ್ರ, ಕತ್ತಿ, ಇಷ್ಟೇ ಉಳಿದದ್ದು. ಫೋಟೋಕ್ಕೆ ಚೆನ್ನಾಗಿ ಬರುತ್ತದೆ. ಇದನ್ನೇ ನೋಡಿ ಬೆಳೆಯುವ ನಗರದ ಮಕ್ಕಳು ವೀರಗಾಸೆಯಲ್ಲಿ ಮಾತಿದೆ ಎಂಬುದನ್ನೇ ತಿಳಿಯುವುದಿಲ್ಲ. ಧ್ವನಿವರ್ಧಕದಲ್ಲಿ ಕೂಗುವವರಿಗಂತೂ ಎಲ್ಲವೂ ‘ಜಾನಪದ ಕಲಾತಂಡ’. ಗೆದ್ದವರ ಹೆಸರು, ದೇಶ, ನಿಮಿಷ, ಸೆಕೆಂಡು ಎಲ್ಲ ಹೇಳುತ್ತಾರೆ. ಬಾರಿಸುವವರಿಗೆ ಊರೂ ಇಲ್ಲ ಹೆಸರೂ ಇಲ್ಲ.

ನನಗೆ ಇದೆಲ್ಲ ಹೊಳೆದದ್ದು ಹಲಸೂರಿನಲ್ಲಲ್ಲ, ಅದಕ್ಕೂ ಕೆಲವು ವರ್ಷ ಮುಂಚೆ. ನಮ್ಮ ಕಡೆಯದೇ ಒಂದು ಊರು, ಹೆಸರು ಬೇಡ. ಐದು ಕಿಲೋಮೀಟರಿನ ಮ್ಯಾರಥಾನ್. ನನ್ನ ಶಾಲೆಯ ಹೆಣ್ಣುಮಕ್ಕಳ ಡೊಳ್ಳು ತಂಡವನ್ನು ಕರೆದಿದ್ದರು. ಹನ್ನೆರಡು ಹುಡುಗಿಯರು, ಪ್ರತಿಭಾ ಕಾರಂಜಿಗೆಂದು ಕಲಿತವರು. ಹೆಚ್ಚಿನವರು ತೋಟದ ಲೈನ್‌ಮನೆಯ ಮಕ್ಕಳು. ಡಿಸೆಂಬರ್ ತಿಂಗಳು. ಐದು ಗಂಟೆಗೆ ಹಾಜರಿರಬೇಕೆಂದು ಅಪ್ಪಣೆ, ನಾವು ನಾಲ್ಕಕ್ಕೇ ಟೆಂಪೋ ಹತ್ತಿದ್ದೆವು. ಮಂಜಿಗೆ ಡೊಳ್ಳಿನ ಚರ್ಮವೆಲ್ಲ ಸಡಿಲಾಗಿ ಹೊಡೆದರೆ ಬುಸ್ ಎನ್ನುತ್ತಿತ್ತು. ಬೆಂಕಿ ಹಾಕಿ ಸ್ವಲ್ಪ ಕಾಯಿಸೋಣವೆಂದರೆ ಟಾರು ರಸ್ತೆಯ ಮೇಲೆ ಬೆಂಕಿ ಕೂಡದು ಎಂದರು. ಹಗ್ಗ ಬಿಗಿದು ಬಿಗಿದು ಮಕ್ಕಳ ಬೆರಳು ಕೆಂಪಾಯಿತು. ಮಕ್ಕಳಿಗೆ ಬಂದದ್ದು ಇಪ್ಪತ್ತು ನಿಮಿಷದ ಕುಣಿತ, ಅದರ ಹೆಜ್ಜೆ, ಅದರ ಏರಿಳಿತ, ಕೊನೆಗೆ ಹೆಗಲ ಮೇಲೆ ಹತ್ತಿ ನಿಲ್ಲುವುದು. ಅಲ್ಲಿ ಹೇಳಿದ್ದು, ಜಾಗ ಬಿಟ್ಟು ಕದಲಬಾರದು, ಕೊನೆಯ ಓಟಗಾರ ಹೋಗುವ ತನಕ ನಿಲ್ಲಿಸಬಾರದು. ನಿಶಾನೆ ತೋರಿಸುವ ಅತಿಥಿಗಳು ಬಂದದ್ದು ಒಂದೂವರೆ ಗಂಟೆ ತಡವಾಗಿ. ಅಷ್ಟರಲ್ಲಿ ಎದುರುಗಡೆ ಜೀಪಿನ ಮೇಲೆ ಆಳೆತ್ತರದ ಧ್ವನಿಪೆಟ್ಟಿಗೆ ತಂದು ನಿಲ್ಲಿಸಿದರು. ಅದರ ಮುಂದೆ ಡೊಳ್ಳು ಬಾರಿಸುವುದು ಗಾಳಿಗೆ ಗುದ್ದಿ ಮೈ ನೋಯಿಸಿಕೊಂಡ ಹಾಗೆ. ಮಕ್ಕಳ ಕೈ ಕಾಣುತ್ತಿತ್ತು, ಸದ್ದು ಕೇಳುತ್ತಿರಲಿಲ್ಲ.

ಓಟ ಶುರುವಾಯಿತು. ಹುಡುಗರು ಭರ್ರೆಂದು ಹೋದರು. ಅವರ ಹಿಂದೆಯೇ ಜೀಪೂ ಪೆಟ್ಟಿಗೆ ಹೇರಿಕೊಂಡು ಬಹುಮಾನದ ಮೈದಾನಕ್ಕೆ ಹೋಯಿತು. ಆಮೇಲೆ ಬಹಳ ಹೊತ್ತಿನ ಮೇಲೆ, ರಸ್ತೆ ಖಾಲಿಯಾದಾಗ, ಒಬ್ಬ ಹೆಂಗಸು ಬಂದರು. ನನ್ನ ವಯಸ್ಸಿನವರು, ಚೂಡಿದಾರದ ಮೇಲೆ ಓಟದ ಬನಿಯನ್ನು, ಕಾಲಿಗೆ ಹವಾಯಿ ಚಪ್ಪಲಿ. ಅವರು ಓಡುತ್ತಿರಲಿಲ್ಲ, ನಡೆಯುತ್ತಲೂ ಇರಲಿಲ್ಲ, ನಡುವಿನದೇನೋ ಒಂದು. ನಮ್ಮ ಮಕ್ಕಳು ನಿಂತ ಜಾಗದಿಂದ ಮುಂದೆ ದಿಬ್ಬ. ಅದನ್ನು ನೋಡಿ ಆಕೆ ಸೊಂಟಕ್ಕೆ ಕೈಕೊಟ್ಟು ನಿಂತುಬಿಟ್ಟರು. ನನ್ನ ಒಂಬತ್ತನೇ ಕ್ಲಾಸಿನ ಹುಡುಗಿಯೊಬ್ಬಳು, ತರಗತಿಯಲ್ಲಿ ಪ್ರಶ್ನೆ ಕೇಳಿದರೆ ತಲೆ ಎತ್ತದವಳು, ಸಾಲು ಬಿಟ್ಟು ಡೊಳ್ಳು ಬಾರಿಸುತ್ತಲೇ ಅವರ ಪಕ್ಕಕ್ಕೆ ಹೋದಳು. “ಬನ್ನಿ ಆಂಟಿ, ನಾನು ಹೊಡೀತೀನಿ, ನೀವು ಹೆಜ್ಜೆ ಹಾಕಿ,” ಎಂದಳು. ಇಬ್ಬರೂ ದಿಬ್ಬ ಹತ್ತತೊಡಗಿದರು. ಮಿಕ್ಕ ಹನ್ನೊಂದು ಜನ ನನ್ನ ಮುಖ ನೋಡಿದರು. ನಾನು ಕಣ್ಣಲ್ಲೇ ಹೋಗಿ ಎಂದೆ. ಹನ್ನೆರಡು ಡೊಳ್ಳು, ನಡುವೆ ಆ ತಾಯಿ. ಆ ದಿನ ನಾನು ಕೇಳಿದ ಸಂಗೀತ ಅದೊಂದೇ. ಸಂಘಟಕರ ಕಡೆಯ ಹುಡುಗನೊಬ್ಬ ಬೈಕಿನಲ್ಲಿ ಬಂದು, ಪೊಸಿಷನ್ ಬಿಟ್ಟದ್ದು ಯಾಕೆ ಮೇಡಂ, ಡ್ರೋನ್ ಶಾಟ್ ಹಾಳಾಯಿತು ಎಂದ. ಆಕೆಗೆ ಮೈದಾನದಲ್ಲಿ ಪದಕ ಸಿಕ್ಕಿತು, ಓಡಿ ಮುಗಿಸಿದವರಿಗೆಲ್ಲ ಇತ್ತು. ನನ್ನ ಮಕ್ಕಳಿಗೆ ಉಪ್ಪಿಟ್ಟು, ಟೆಂಪೋ ಬಾಡಿಗೆ, ಪ್ರಾಯೋಜಕರ ಹೆಸರಿದ್ದ ಒಂದೊಂದು ಟೋಪಿ.

ಮುಖ್ಯವಾದ ಪ್ರಶ್ನೆ ಇದು. ದಾರಿಯ ಸಂಗೀತ ಯಾರಿಗಾಗಿ? ಲಂಡನ್ನಿನ ಬ್ರೂನೆಲ್ ವಿಶ್ವವಿದ್ಯಾಲಯದ ಕೋಸ್ಟಾಸ್ ಕರಗಿಯೋರ್ಗಿಸ್ ಎಂಬವರು ವ್ಯಾಯಾಮಕ್ಕೂ ಸಂಗೀತಕ್ಕೂ ಇರುವ ಸಂಬಂಧವನ್ನು ಬಹುಕಾಲ ಅಭ್ಯಾಸ ಮಾಡಿದವರು. ಹಿತಮಿತವಾದ ವೇಗದಲ್ಲಿ ಓಡುವಾಗ ಸಂಗೀತ ದಣಿವಿನ ಅರಿವನ್ನು ಕಡಿಮೆ ಮಾಡುತ್ತದೆ, ಮೈಮುರಿಯುವ ವೇಗದಲ್ಲಿ ಓಡುವಾಗ ಆ ಗುಣ ಕುಗ್ಗುತ್ತದೆ ಎಂಬುದು ಅವರ ಅಭ್ಯಾಸಗಳಿಂದ ತಿಳಿದುಬಂದ ಸಂಗತಿ. ದೇಹದ ಕೂಗು ಜೋರಾದರೆ ಕಿವಿಗೆ ಬೇರೇನೂ ಹಿಡಿಸುವುದಿಲ್ಲ. ಹಾಗಾದರೆ ಸಂಗೀತ ಬೇಕಾಗಿರುವುದು ಮುಂದೆ ಓಡುವವರಿಗಿಂತ ಹೆಚ್ಚಾಗಿ ಹಿಂದೆ ಉಳಿದವರಿಗೆ. ನಮ್ಮಲ್ಲಿ ನಡೆಯುವುದು ಉಲ್ಟಾ. ಕ್ಯಾಮೆರಾ ಇರುವಾಗ ವಾದ್ಯವೂ ಇರುತ್ತದೆ, ಕ್ಯಾಮೆರಾ ಹೋದಾಗ ವಾದ್ಯವೂ ಗಂಟು ಕಟ್ಟುತ್ತದೆ. ಹೊರಡುವ ಜಾಗದಲ್ಲಿ, ಎಲ್ಲರಿಗೂ ಹುಮ್ಮಸ್ಸು ತುಂಬಿ ತುಳುಕುವಾಗ, ಮೂರು ತಂಡ. ಮುಕ್ಕಾಲು ದಾರಿ ಕಳೆದು ಕಾಲು ಸೋತ ಏರಿನಲ್ಲಿ ಯಾರೂ ಇಲ್ಲ. ಹಸಿದವನಿಗೆ ಕೊಡದೆ ಉಂಡವನಿಗೆ ಬಡಿಸಿದ ಹಾಗೆ.

ಸಂಗೀತವೇ ಬೇಡ ಎನ್ನುವವರೂ ಇದ್ದಾರೆ. ಅವರ ಮಾತಿನಲ್ಲೂ ಹುರುಳಿದೆ. ನಮ್ಮ ಜಿಲ್ಲೆಯ ಕಾಫಿ ತೋಟಗಳ ನಡುವೆ 2016ರಿಂದ ನಡೆದು ಬಂದ ಮಲ್ನಾಡ್ ಅಲ್ಟ್ರಾ ಎಂಬ ಓಟದಲ್ಲಿ 50 ಕಿಲೋಮೀಟರ್, 100 ಕಿಲೋಮೀಟರ್ ಓಡುವವರಿದ್ದಾರೆ. ಸಿಲ್ವರ್ ಓಕ್ ಮರಗಳ ಕೆಳಗೆ ಜೀರುಂಡೆ ಕೂಗುವಾಗ ಅಲ್ಲಿಗೆ ಧ್ವನಿಪೆಟ್ಟಿಗೆ ತರಬೇಕೆಂದು ಯಾರೂ ಬಯಸಲಾರರು. ಬೆಂಗಳೂರಿನಲ್ಲೂ, ವಾಹನಗಳನ್ನು ತಡೆದ ಆ ಭಾನುವಾರದ ಬೆಳಗಿನಲ್ಲಿ, ಹಲಸೂರು ಕೆರೆಯ ಹಕ್ಕಿಗಳ ದನಿ ನನಗೆ ಸ್ವಲ್ಪ ಹೊತ್ತು ಸ್ಪಷ್ಟವಾಗಿ ಕೇಳಿಸಿತು. ಆ ನಗರಕ್ಕೆ ಅಪರೂಪಕ್ಕೆ ಸಿಗುವ ಮೌನ ಅದು. ಅದನ್ನು ಮೂಲೆ ಮೂಲೆಯಲ್ಲೂ ತುಂಬಿಸಬೇಕೆಂಬ ಹಟ ಯಾಕೆ? ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಧ್ವನಿವರ್ಧಕ ಕೂಡದೆಂದು 2000ನೇ ಇಸವಿಯ ಶಬ್ದಮಾಲಿನ್ಯ ನಿಯಮಗಳೇ ಹೇಳುತ್ತವೆ. ಆಸ್ಪತ್ರೆ, ಶಾಲೆಗಳ ಸುತ್ತ ನೂರು ಮೀಟರನ್ನು ನಿಶ್ಶಬ್ದ ವಲಯವೆಂದು ಘೋಷಿಸಲೂ ಅವಕಾಶವಿದೆ. ಐದು ಗಂಟೆಗೆ ಏಳುವ ಉತ್ಸಾಹ ಓಡುವವರದು. ಪಕ್ಕದ ಮನೆಯ ಬಾಣಂತಿಯದಲ್ಲ. ಡೊಳ್ಳಾಗಲಿ ತಮಟೆಯಾಗಲಿ ಬೇಕಾದ ಕಡೆ ಬೇಕಾದಷ್ಟು ಹೊತ್ತು ಬಾರಿಸಿ ನಿಲ್ಲಬಲ್ಲದು, ಮನುಷ್ಯರ ಕೈ ದಣಿಯುತ್ತದೆ. ಪೆಟ್ಟಿಗೆಗೆ ದಣಿವಿಲ್ಲ, ಆದ್ದರಿಂದ ಅದಕ್ಕೆ ಎಲ್ಲಿ ನಿಲ್ಲಬೇಕೆಂದೂ ಗೊತ್ತಿಲ್ಲ.

ಆ ದಿಬ್ಬ ಹತ್ತಿದ ಹುಡುಗಿ ಈಗ ಚಿಕ್ಕಮಗಳೂರಿನಲ್ಲಿ ಡಿಗ್ರಿ ಓದುತ್ತಿದ್ದಾಳೆ. ಹಳೆಯ ಗೆಳತಿಯರನ್ನು ಸೇರಿಸಿಕೊಂಡು ತಂಡ ಕಟ್ಟಿದ್ದಾಳೆ. ಮದುವೆ ದಿಬ್ಬಣ, ಗಣಪತಿ ವಿಸರ್ಜನೆ, ಒಮ್ಮೊಮ್ಮೆ ಈ ಓಟಗಳು. ಕಳೆದ ತಿಂಗಳು ಮನೆಗೆ ಬಂದಾಗ ಫೋನಿನಲ್ಲಿ ಯಾರೊಂದಿಗೋ ಮಾತಾಡುತ್ತಿದ್ದಳು. ಎಷ್ಟು ಹೊತ್ತು ಸಾರ್, ಎದುರಿಗೆ ಬಾಕ್ಸ್ ಇರುತ್ತಾ, ಚರ್ಮ ಕಾಯಿಸೋಕೆ ಜಾಗ ಕೊಡ್ತೀರಾ, ತಂಡದ ಹೆಸರು ಮೈಕಿನಲ್ಲಿ ಹೇಳ್ತೀರಾ ಎಂದು ಒಂದೊಂದಾಗಿ ಕೇಳಿದಳು. ಆ ಕಡೆಯವರು ಏನಂದರೋ. ಕೊನೆಗೆ, “ಸ್ಟಾರ್ಟಿಂಗ್ ಹತ್ರ ಬೇಡ ಸಾರ್, ಕಲ್ಯಾಣಮಂಟಪದ ಹತ್ರ ಏರು ಇದೆಯಲ್ಲ, ಅಲ್ಲಿ ನಿಲ್ತೀವಿ. ಕೊನೆಯವರು ಬಂದರೆ ಅವರ ಜೊತೆ ಮೈದಾನದವರೆಗೂ ಬರ್ತೀವಿ. ಅದಕ್ಕೆ ಒಪ್ಪಿದರೆ ಮಾತ್ರ,” ಎಂದಳು. ಸ್ವಲ್ಪ ಹೊತ್ತು ಸುಮ್ಮನಿದ್ದು, “ಆಯ್ತು ಸಾರ್, ಯೋಚನೆ ಮಾಡಿ ಹೇಳಿ,” ಎಂದು ಫೋನಿಟ್ಟು, ನಾನು ಕೊಟ್ಟ ಕಾಫಿಗೆ ಇನ್ನೊಂದು ಚಮಚ ಸಕ್ಕರೆ ಹಾಕಿಕೊಂಡಳು.